ಹಳೆಯ ಮುಳ್ಳಿನ ಮೀಟರ್‌ಗಳ ರಿಪೇರಿ ಮತ್ತು ಕ್ಯಾಲಿಬ್ರೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಜ್ಜನ ಟ್ರಂಕಿನಲ್ಲಿ ಸಿಕ್ಕ ವೋಲ್ಟ್‌ಮೀಟರ್, ಗುಜರಿಯಿಂದ ಕೆಜಿ ಲೆಕ್ಕದಲ್ಲಿ ತಂದ ಪ್ಯಾನಲ್ ಮೀಟರ್, ರೇಡಿಯೋ ರಿಪೇರಿ ಅಂಗಡಿ ಮುಚ್ಚಿದಾಗ ಉಳಿದ ಮಲ್ಟಿಮೀಟರ್. ಇವನ್ನು ಹಿಡಿದುಕೊಂಡು ಬರುವವರೆಲ್ಲ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಮೇಜಿಗೆ ಬಂದ ಮೀಟರ್‌ಗಳಲ್ಲಿ ತಾನಾಗಿ ಕೆಟ್ಟವು ಕಡಿಮೆ, ಯಾರೋ ಕೈ ಹಾಕಿ ಕೆಡಿಸಿದವು ಜಾಸ್ತಿ. ಐವತ್ತು ವರ್ಷ ಸುಮ್ಮನೆ ಕೂತಿದ್ದ ಮೀಟರ್ ಐದು ನಿಮಿಷದ ಅವಸರಕ್ಕೆ ಹಾಳಾಗುತ್ತದೆ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಏನು ಮಾಡಬಾರದು ಅನ್ನುವುದೇ ಇದೆ.

ಮೀಟರ್ ಕೈಗೆ ಸಿಕ್ಕ ತಕ್ಷಣ ಮೊದಲು ಏನು ಮಾಡಬೇಕು?

ಯಾವುದಕ್ಕೂ ಜೋಡಿಸಬೇಡಿ. ಮೀಟರನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ. ಮುಳ್ಳು ತೇಲಿದ ಹಾಗೆ ಓಡಾಡಿ ಮತ್ತೆ ಸೊನ್ನೆಗೆ ಬಂದು ನಿಂತರೆ ಒಳಗಿನ ಭಾಗಕ್ಕೆ ಜೀವ ಇದೆ. ಈಗ ಎರಡು ಟರ್ಮಿನಲ್‌ಗಳಿಗೂ ಒಂದು ತಂತಿ ಸುತ್ತಿ ಶಾರ್ಟ್ ಮಾಡಿ, ಮತ್ತೆ ತಿರುಗಿಸಿ. ಮುಳ್ಳು ಮೊದಲಿಗಿಂತ ಭಾರವಾಗಿ, ಜೇನುತುಪ್ಪದೊಳಗೆ ಓಡಾಡಿದ ಹಾಗೆ ಓಡಾಡಿದರೆ ಕಾಯಿಲ್ (ಒಳಗಿನ ತಂತಿ ಸುರುಳಿ) ತುಂಡಾಗಿಲ್ಲ. ಮ್ಯಾಗ್ನೆಟ್ ನಡುವೆ ತಿರುಗುವ ಕಾಯಿಲ್ ಪುಟ್ಟ ಜನರೇಟರ್ ಆಗಿ, ತಾನು ಹುಟ್ಟಿಸಿದ ಕರೆಂಟಿನಿಂದ ತನ್ನನ್ನೇ ತಡೆಯುತ್ತದೆ. ಬ್ಯಾಟರಿ ಬೇಡ, ಇನ್ನೊಂದು ಮೀಟರ್ ಬೇಡ, ಅರ್ಧ ನಿಮಿಷದಲ್ಲಿ ಕಾಯಿಲ್ ಪರೀಕ್ಷೆ ಮುಗಿಯಿತು. ಇದು ಮೈಕ್ರೋಆಂಪ್ ಮೀಟರ್‌ಗಳಲ್ಲಿ ಚೆನ್ನಾಗಿ ಕಾಣುತ್ತದೆ. ಒಳಗೇ ದೊಡ್ಡ ರೆಸಿಸ್ಟರ್ ಕೂಡಿಸಿರುವ ವೋಲ್ಟ್‌ಮೀಟರ್‌ನಲ್ಲಿ ಕಾಣುವುದಿಲ್ಲ, ಅದನ್ನು ನೋಡಿ ಕಾಯಿಲ್ ಹೋಗಿದೆ ಅಂದುಕೊಳ್ಳಬೇಡಿ.

ಡಯಲ್ ಮೂಲೆಯಲ್ಲಿ ಪುಟ್ಟ ಪುಟ್ಟ ಚಿತ್ರಗಳಿವೆ, ಅವೇನು?

ಅದು ಮೀಟರಿನ ಜಾತಕ. ಲಾಳದ ಆಕಾರದ ಮ್ಯಾಗ್ನೆಟ್ ಚಿತ್ರವಿದ್ದರೆ ಮೂವಿಂಗ್ ಕಾಯಿಲ್, ಅಂದರೆ ಡಿಸಿ ಮೀಟರ್. ಅದರ ಪಕ್ಕ ಡಯೋಡ್ ಗುರುತೂ ಇದ್ದರೆ ಒಳಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇದೆ, ಎಸಿ ಓದುತ್ತದೆ. ಸುರುಳಿಯ ನಡುವೆ ನೆಟ್ಟಗೆ ಒಂದು ಗೆರೆ ಇದ್ದರೆ ಮೂವಿಂಗ್ ಐರನ್, ಅಂದರೆ ಕಾಯಿಲ್ ಬದಲು ಕಬ್ಬಿಣದ ತುಂಡು ತಿರುಗುವ ಮೀಟರ್. ಅದರ ಸ್ಕೇಲ್ ಶುರುವಿನಲ್ಲಿ ಒತ್ತೊತ್ತಾಗಿ, ಆಮೇಲೆ ಬಿಡಿಸಿಕೊಂಡ ಹಾಗೆ ಇರುತ್ತದೆ. ತಲೆಕೆಳಗಾದ ಟಿ ಇದ್ದರೆ ಮೀಟರನ್ನು ನಿಲ್ಲಿಸಿ ಓದಬೇಕು. ಮಲಗಿದ ಚೌಕ ಕಂಸದ ಗುರುತಿದ್ದರೆ ಮಲಗಿಸಿ ಓದಬೇಕು. ನಕ್ಷತ್ರದೊಳಗಿನ ಅಂಕಿ ಇನ್ಸುಲೇಶನ್ ಪರೀಕ್ಷೆಯ ಕಿಲೋವೋಲ್ಟ್. ನಕ್ಷತ್ರದೊಳಗೆ 2 ಇದ್ದರೆ 2 ಕಿಲೋವೋಲ್ಟ್‌ಗೆ ಪರೀಕ್ಷೆಯಾಗಿದೆ. ಉಳಿದ ಅಂಕಿ, 1 ಅಥವಾ 1.5 ಅಥವಾ 2.5, ಅದು ಕ್ಲಾಸ್. ಅದರ ವಿಷಯ ಮುಂದೆ ಬರುತ್ತದೆ. ಈ ಗುರುತು ಓದದೆ ಎಷ್ಟೋ ಜನ ನಿಲ್ಲಿಸಿ ಓದುವ ಮೀಟರನ್ನು ಮಲಗಿಸಿಟ್ಟು ತಪ್ಪು ತೋರಿಸುತ್ತಿದೆ ಅಂತ ಬಿಚ್ಚಿದ್ದಾರೆ.

ಕಾಯಿಲ್ ಸರಿಯಿದೆಯಾ ಅಂತ ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ನೋಡಬಹುದಾ?

ನೇರವಾಗಿ ಬೇಡ. 50 ಮೈಕ್ರೋಆಂಪ್‌ಗೆ ಪೂರ್ತಿ ಏಳುವ ಮುಳ್ಳಿಗೆ ಡಿಜಿಟಲ್ ಮೀಟರಿನ 200 ಓಮ್ ರೇಂಜ್ ಹತ್ತಿರ ಹತ್ತಿರ 1 ಮಿಲಿಆಂಪ್ ಕೊಡಬಹುದು, ಅಂದರೆ ಇಪ್ಪತ್ತು ಪಟ್ಟು. ಹಳೆಯ ಮುಳ್ಳಿನ ಮಲ್ಟಿಮೀಟರಿನ ಒಂದು ಪಟ್ಟಿನ (×1) ಓಮ್ ರೇಂಜಂತೂ ಇನ್ನೂ ಎಷ್ಟೋ ಜಾಸ್ತಿ ಕೊಡಬಹುದು. ಮುಳ್ಳು ಹೋಗಿ ಕೊನೆಯ ತಡೆಗೆ ಬಡಿದು ಬಾಗುತ್ತದೆ, ಮುಳ್ಳನ್ನು ಸೊನ್ನೆಗೆ ಎಳೆಯುವ ಸುರುಳಿ ಸ್ಪ್ರಿಂಗ್, ಅಂದರೆ ಹೇರ್‌ಸ್ಪ್ರಿಂಗ್, ಹಾಳಾಗಬಹುದು.

ಹೀಗೆ ಮಾಡಿ. 1.5 ವೋಲ್ಟಿನ ಒಂದು ಸೆಲ್, 27 ಕಿಲೋಓಮ್ ರೆಸಿಸ್ಟರ್, 1 ಮೆಗಾಓಮ್ ಪಾಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್), ಮೈಕ್ರೋಆಂಪ್ ರೇಂಜಿನಲ್ಲಿಟ್ಟ ಡಿಜಿಟಲ್ ಮೀಟರ್, ಕೊನೆಗೆ ನಿಮ್ಮ ಹಳೆಯ ಮೀಟರ್. ಎಲ್ಲವೂ ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ. ಪಾಟನ್ನು ಪೂರ್ತಿ ರೆಸಿಸ್ಟೆನ್ಸ್ ಕಡೆಗಿಟ್ಟು ಶುರು ಮಾಡಿ, ಆಗ ಬರೀ ಒಂದೂವರೆ ಮೈಕ್ರೋಆಂಪ್ ಹರಿಯುತ್ತದೆ. ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಸುಮಾರು 55ರವರೆಗೆ ಏರುತ್ತದೆ. ಮುಳ್ಳು ಪೂರ್ತಿ ಎದ್ದಾಗ ಡಿಜಿಟಲ್ ಮೀಟರಿನಲ್ಲಿ ಕಾಣುವುದೇ ನಿಮ್ಮ ಮೀಟರಿನ ಫುಲ್ ಸ್ಕೇಲ್ ಕರೆಂಟ್. ಮುಳ್ಳು ಅರ್ಧವೂ ಏಳದಿದ್ದರೆ ಅದು 1 ಮಿಲಿಆಂಪ್ ಜಾತಿಯದ್ದಿರಬಹುದು, 27 ಕಿಲೋಓಮ್ ತೆಗೆದು 1.2 ಕಿಲೋಓಮ್ ಹಾಕಿ.

ಕಾಯಿಲ್ ರೆಸಿಸ್ಟೆನ್ಸ್ ಎಷ್ಟು ಅಂತಲೂ ಇದೇ ಜೋಡಣೆಯಲ್ಲಿ ತಿಳಿಯಬಹುದು. ಮುಳ್ಳನ್ನು ಪೂರ್ತಿ ಎಬ್ಬಿಸಿ. ಆಮೇಲೆ ಮೀಟರಿನ ಎರಡು ಟರ್ಮಿನಲ್‌ಗೆ ಅಡ್ಡಲಾಗಿ ಇನ್ನೊಂದು ಸಣ್ಣ ಪಾಟ್ ಹಾಕಿ, ಮುಳ್ಳು ಸರಿಯಾಗಿ ಅರ್ಧಕ್ಕೆ ಇಳಿಯುವವರೆಗೆ ತಿರುಗಿಸಿ. ಆ ಪಾಟನ್ನು ಬಿಚ್ಚಿ ಅಳೆಯಿರಿ. ಹೆಚ್ಚುಕಮ್ಮಿ ಅದೇ ಕಾಯಿಲಿನ ರೆಸಿಸ್ಟೆನ್ಸ್.

ಮುಳ್ಳು ಒಂದು ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಜಿನ ಮೇಲೆ ತಟ್ಟಿದರೆ ಮುಂದೆ ಹೋಗುತ್ತದೆ. ಏನಾಗಿದೆ?

ನನ್ನ ಹತ್ತಿರ ಬರುವ ಮೀಟರ್‌ಗಳಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಇದೇ. ಯಾವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದನ್ನು ಮೊದಲು ಗಮನಿಸಿ. ಪ್ರತಿ ಸಲ ಒಂದೇ ಅಂಕಿಯ ಹತ್ತಿರ ನಿಂತರೆ ಮ್ಯಾಗ್ನೆಟ್ ಮತ್ತು ಕಾಯಿಲ್ ನಡುವಿನ ಸಂದಿಯಲ್ಲಿ ಕಸ ಇದೆ. ಎಲ್ಲಿ ಬೇಕಾದರಲ್ಲಿ ಸೋಮಾರಿಯಾಗಿ ನಿಂತರೆ ಪಿವಟ್ (ಮುಳ್ಳಿನ ದಂಡದ ಸೂಜಿಮೊನೆ) ಅಥವಾ ಜ್ಯುವೆಲ್ (ಆ ಮೊನೆ ಕೂರುವ ಮಣಿಯ ಗುಣಿ) ತೊಂದರೆ.

ಕಸ ಅಂದರೆ ಸಾಮಾನ್ಯವಾಗಿ ಕಬ್ಬಿಣದ ಪುಡಿ. ಯಾರೋ ಹಿಂದೆ ಡ್ರಿಲ್ ಮಾಡಿದ, ಅರ ಉಜ್ಜಿದ ಮೇಜಿನ ಮೇಲೇ ಮೀಟರ್ ಬಿಚ್ಚಿರುತ್ತಾರೆ. ಮ್ಯಾಗ್ನೆಟ್ ಪುಡಿಯನ್ನು ಎಳೆದುಕೊಂಡು ಸಂದಿಯೊಳಗೆ ನಿಲ್ಲಿಸಿಕೊಳ್ಳುತ್ತದೆ. ಊದಿದರೆ ಬರುವುದಿಲ್ಲ, ಊದಲೂಬೇಡಿ, ಇನ್ನೂ ಒಳಗೆ ಹೋಗುತ್ತದೆ, ಮೇಲೆ ಉಸಿರಿನ ತೇವ ಬೇರೆ. ನಾನು ಮಾಡುವುದು ಇಷ್ಟು. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ದೀಪವನ್ನು ಪಕ್ಕದಿಂದ ಬೀಳುವ ಹಾಗೆ ಇಟ್ಟು, ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ಸಂದಿಯನ್ನು ನೋಡುತ್ತೇನೆ. ಮೊದಲು ಏನೂ ಕಾಣುವುದಿಲ್ಲ. ಕಣ್ಣು ಒಗ್ಗಿದ ಮೇಲೆ ಕಬ್ಬಿಣದ ಚೂರು ಕೂದಲಿನ ಹಾಗೆ ನೆಟ್ಟಗೆ ಎದ್ದು ನಿಂತಿರುವುದು ಕಾಣುತ್ತದೆ, ಮ್ಯಾಗ್ನೆಟ್ ಅದನ್ನು ನಿಲ್ಲಿಸಿರುತ್ತದೆ. ಹಳೆಯ ಎಕ್ಸ್‌ರೇ ಫಿಲ್ಮನ್ನು ಬೆಂಕಿಕಡ್ಡಿಗಿಂತ ತೆಳ್ಳಗೆ ಕತ್ತರಿಸಿ, ಅದರ ತುದಿಗೆ ಸೆಲ್ಲೋಟೇಪ್ ಅಂಟಿನ ಕಡೆ ಹೊರಗೆ ಬರುವಂತೆ ಸುತ್ತಿ, ಸಂದಿಯೊಳಗೆ ಇಳಿಸಿ, ಚೂರನ್ನು ಮುಟ್ಟಿಸಿ ಮೇಲೆ ಎತ್ತುತ್ತೇನೆ. ಒಂದು ಚೂರಿಗೆ ಒಂದು ಟೇಪ್. ಒಮ್ಮೆ ಒಂದು ಹಡಗಿನ ಆಮೀಟರಿನಿಂದ ಹನ್ನೊಂದು ಚೂರು ತೆಗೆದಿದ್ದೇನೆ, ಎರಡು ಸಂಜೆ ಹಿಡಿಯಿತು. ಕೊನೆಯದು ಬಂದ ಕೂಡಲೇ ಮುಳ್ಳು ತಾನಾಗಿ ಸೊನ್ನೆಗೆ ಜಾರಿತು.

ಈ ಕೆಲಸಕ್ಕೆ ಸ್ಟೀಲ್ ಚಿಮಟ ಬೇಡ. ಮ್ಯಾಗ್ನೆಟ್ ಅದನ್ನು ಕೈಯಿಂದ ಕಿತ್ತುಕೊಂಡು ನೇರ ಹೇರ್‌ಸ್ಪ್ರಿಂಗ್ ಮೇಲೆ ಹಾಕುತ್ತದೆ. ಹಿತ್ತಾಳೆಯದ್ದು ಅಥವಾ ಮ್ಯಾಗ್ನೆಟ್‌ಗೆ ಅಂಟದ ಚಿಮಟ ತನ್ನಿ.

ಪಿವಟ್‌ಗೆ ಒಂದು ಹನಿ ಎಣ್ಣೆ ಬಿಟ್ಟರೆ ಸರಿಹೋಗುವುದಿಲ್ಲವೇ?

ಇಲ್ಲ. ದಯವಿಟ್ಟು ಬೇಡ. ಗಡಿಯಾರಕ್ಕೆ ಎಣ್ಣೆ ಬೇಕು, ಮೀಟರಿಗೆ ಬೇಡ. ಗಡಿಯಾರದ ಗಾಲಿಯನ್ನು ಮೇನ್‌ಸ್ಪ್ರಿಂಗ್ ದಬ್ಬುತ್ತದೆ, ಎಣ್ಣೆಯ ಅಂಟು ಅದಕ್ಕೆ ಲೆಕ್ಕಕ್ಕಿಲ್ಲ. ಮೀಟರಿನಲ್ಲಿ ಮುಳ್ಳನ್ನು ತಿರುಗಿಸುವ ಬಲ ತೀರಾ ಸಣ್ಣದು. ಸೂಜಿಮೊನೆಯಂಥ ಪಿವಟ್ ನೀಲಮಣಿಯ ಪುಟ್ಟ ಗುಣಿಯಲ್ಲಿ ಒಣಗಿದ ಸ್ಥಿತಿಯಲ್ಲೇ ತಿರುಗಬೇಕು. ಎಣ್ಣೆ ಬಿಟ್ಟರೆ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ, ಒಂದೆರಡು ವರ್ಷಕ್ಕೆ ಗೋಂದಿನ ಹಾಗೆ ಗಟ್ಟಿಯಾಗುತ್ತದೆ.

ಒಂದು ಕಾಲೇಜಿನ ಲ್ಯಾಬಿನಿಂದ ಹನ್ನೆರಡು ಮೀಟರ್ ಬಂದಿದ್ದವು. ಯಾರೋ ಒಳ್ಳೆಯ ಮನಸ್ಸಿನಿಂದಲೇ ಎಲ್ಲದಕ್ಕೂ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟಿದ್ದರು. ಒಂಬತ್ತು ಉಳಿದವು, ಮೂರು ಉಳಿಯಲಿಲ್ಲ. ಆ ಮೂರರಲ್ಲಿ ಎಣ್ಣೆ ಹೇರ್‌ಸ್ಪ್ರಿಂಗ್‌ಗೆ ಹರಿದು ಸುತ್ತುಗಳು ಒಂದಕ್ಕೊಂದು ಅಂಟಿದ್ದವು, ಬಿಡಿಸಲು ಹೋದವರು ಅವನ್ನು ಎಳೆದು ಹಾಳು ಮಾಡಿದ್ದರು. ಅವನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎಣ್ಣೆ ತೆಗೆಯಬೇಕಾದರೆ ಗಡಿಯಾರದವರ ದಾರಿಯೇ ದಾರಿ. ಬಾಸಿಂಗಕ್ಕೆ ಬಳಸುವ ಬೆಂಡು ಇದೆಯಲ್ಲ, ಅದರ ಒಂದು ತುಂಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಕಿಸಿ, ಪಿವಟ್ ಮೊನೆಯನ್ನು ಮೆಲ್ಲಗೆ ಅದರೊಳಗೆ ಚುಚ್ಚಿ ತೆಗೆಯಿರಿ. ನಾಲ್ಕೈದು ಸಲ, ಪ್ರತಿ ಸಲ ಹೊಸ ಜಾಗದಲ್ಲಿ. ಜ್ಯುವೆಲ್ ಗುಣಿಯನ್ನು ಚೂಪಾಗಿ ಕೆತ್ತಿದ ಟೂತ್‌ಪಿಕ್ ತುದಿಯಿಂದ ತಿರುವಿ ಒರೆಸಿ. ಆಮೇಲೆ ಸಣ್ಣ ಸೂಜಿಯ ಮೊನೆಯನ್ನು ಗುಣಿಯೊಳಗೆ ಮೆತ್ತಗೆ ಆಡಿಸಿ ನೋಡಿ. ಎಲ್ಲಾದರೂ ತಡೆದ ಹಾಗೆ ಕೈಗೆ ಗೊತ್ತಾದರೆ ಜ್ಯುವೆಲ್ ಬಿರುಕು ಬಿಟ್ಟಿದೆ. ಅದಕ್ಕೆ ರಿಪೇರಿ ಇಲ್ಲ, ಅದೇ ಜಾತಿಯ ಇನ್ನೊಂದು ಮೀಟರಿನಿಂದ ತೆಗೆದು ಹಾಕಬೇಕು.

ಜ್ಯುವೆಲ್ ಸ್ಕ್ರೂ ಬಿಗಿಯುವಾಗ ಪೂರ್ತಿ ಬಿಗಿಯಬೇಡಿ. ಮುಳ್ಳಿನ ದಂಡಕ್ಕೆ ಕೂದಲೆಳೆಯಷ್ಟು ಆಟ ಇರಲೇಬೇಕು.

ಗಾಜು ಒರೆಸಿದ ಮೇಲೆ ಮುಳ್ಳು ಎಲ್ಲೆಲ್ಲೋ ಹೋಗುತ್ತಿದೆ!

ಹೆದರಬೇಡಿ, ಸ್ಟ್ಯಾಟಿಕ್ ಅಷ್ಟೇ. ಪ್ಲಾಸ್ಟಿಕ್ ಮುಖದ ಮೀಟರ್‌ಗಳಲ್ಲಿ ಒಣ ಬಟ್ಟೆಯಿಂದ ಉಜ್ಜಿದರೆ ಆಗುತ್ತದೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ ಹಿಂಡಿ, ಮುಖದ ಮೇಲೆ ತೆಳ್ಳಗೆ ಸವರಿ ಹಾಗೇ ಒಣಗಲು ಬಿಡಿ.

ಮ್ಯಾಗ್ನೆಟ್ ಬಿಚ್ಚಿ ಚೆನ್ನಾಗಿ ಕ್ಲೀನ್ ಮಾಡಲೇ?

ಬೇಡ. ಹಳೆಯ ಮೀಟರಿನ ಮ್ಯಾಗ್ನೆಟ್ ಸ್ಟೀಲ್ ಅಥವಾ ಆಲ್ನಿಕೋ ಅನ್ನುವ ಮಿಶ್ರಲೋಹ. ಅದರ ಬಾಯಿಗೆ ಕಬ್ಬಿಣದ ಜೊತೆ ಇಲ್ಲದೆ ತೆರೆದಿಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ. ಮತ್ತೆ ಜೋಡಿಸಿದರೂ ಕಳೆದದ್ದು ಬರುವುದಿಲ್ಲ, ಮೀಟರ್ ಕಡಿಮೆ ತೋರಿಸಲು ಶುರು ಮಾಡುತ್ತದೆ. ತೆಗೆಯಲೇಬೇಕಾದರೆ ಮ್ಯಾಗ್ನೆಟ್ ಹೊರಬರುವ ಮೊದಲೇ ಅದರ ಎರಡು ಧ್ರುವಕ್ಕೆ ಅಡ್ಡಲಾಗಿ ಮೆದು ಕಬ್ಬಿಣದ ಪಟ್ಟಿ ಕೂರಿಸಿ, ಜೋಡಿಸುವವರೆಗೂ ತೆಗೆಯಬೇಡಿ.

ಮಲಗಿಸಿದರೆ ಸೊನ್ನೆ ಸರಿ, ನಿಲ್ಲಿಸಿದರೆ ತಪ್ಪು. ಯಾಕೆ?

ಮುಳ್ಳಿನ ಬ್ಯಾಲೆನ್ಸ್ ತಪ್ಪಿದೆ. ತಕ್ಕಡಿ ಇದ್ದ ಹಾಗೆ ಯೋಚಿಸಿ. ಮುಂದೆ ಉದ್ದ ಮುಳ್ಳು, ಹಿಂದೆ ಗಿಡ್ಡ ಬಾಲ, ಎಡಬಲಕ್ಕೆ ಎರಡು ಪುಟ್ಟ ಕೈ. ಬಾಲದ ಮೇಲೂ ಕೈಗಳ ಮೇಲೂ ಸಣ್ಣ ತೂಕಗಳಿರುತ್ತವೆ, ಎಷ್ಟೋ ಸಲ ಬರೀ ತಂತಿಯ ಸುರುಳಿ.

ಮೊದಲು ಮೀಟರನ್ನು ಮಲಗಿಸಿ, ಮುಂದಿನ ಸ್ಕ್ರೂನಿಂದ ಸೊನ್ನೆ ಕೂರಿಸಿ. ಆಮೇಲೆ ಡಯಲ್ ನೆಟ್ಟಗೆ ಇರುವಂತೆ ಎತ್ತಿ ಹಿಡಿದು, ಮುಳ್ಳು ನೆಲಕ್ಕೆ ಸಮಾನವಾಗಿ ಮಲಗುವವರೆಗೆ ಪಕ್ಕಕ್ಕೆ ತಿರುಗಿಸಿ. ಈಗ ಸೊನ್ನೆ ಸರಿದರೆ ಬಾಲದ ತೂಕ ತಪ್ಪಿದೆ. ಮುಳ್ಳು ಕೆಳಗೆ ಜಗ್ಗಿದರೆ ಬಾಲದ ತೂಕವನ್ನು ಹಿಂದಕ್ಕೆ, ಮೇಲೆ ಎದ್ದರೆ ಮುಂದಕ್ಕೆ ಸರಿಸಿ. ಅದು ಸರಿಯಾದ ಮೇಲೆ ಮುಳ್ಳು ನೆಟ್ಟಗೆ ಮೇಲಕ್ಕೆ ಬರುವ ಹಾಗೆ ಹಿಡಿಯಿರಿ. ಈಗ ಸರಿದರೆ ಪಕ್ಕದ ಕೈಗಳ ತೂಕ. ಈ ಕ್ರಮ ತಪ್ಪಿಸಿದರೆ ಇಡೀ ದಿನ ಸುತ್ತುತ್ತಾ ಇರುತ್ತೀರಿ. ಸರಿಸುವುದು ಅಂದರೆ ಅರ್ಧ ಮಿಲಿಮೀಟರ್ ಕೂಡ ಜಾಸ್ತಿಯೇ. ಹಳಬರು ತೂಕವನ್ನು ಅರಗಿನಿಂದ ಅಂಟಿಸಿರುತ್ತಾರೆ, ಸೋಲ್ಡರಿಂಗ್ ಕಡ್ಡಿಯ ಬಿಸಿಯನ್ನು ಹತ್ತಿರ ಹಿಡಿದರೆ ಸಾಕು, ಸಡಿಲವಾಗುತ್ತದೆ. ಮುಗಿದ ಮೇಲೆ ನೇಲ್ ಪಾಲಿಶಿನ ಒಂದು ಚುಕ್ಕಿ.

ಮುಳ್ಳು ಬಾಗಿದ್ದರೆ ಮೊದಲು ಅದನ್ನು ನೇರ ಮಾಡಿ, ಆಮೇಲೆ ಬ್ಯಾಲೆನ್ಸ್.

ಮನೆಯಲ್ಲಿ ಕ್ಯಾಲಿಬ್ರೇಶನ್ ಮಾಡಬಹುದಾ? ಏನೇನು ಬೇಕು?

ಧಾರಾಳವಾಗಿ ಮಾಡಬಹುದು. ಕ್ಯಾಲಿಬ್ರೇಶನ್ ಅಂದರೆ ನಿಖರವಾದ ಮೀಟರ್ ಜೊತೆ ಹೋಲಿಸಿ ತಪ್ಪು ಎಷ್ಟು ಅಂತ ನೋಡುವುದು. ನಿಮ್ಮ ಹಳೆಯ ಮೀಟರಿಗಿಂತ ಕನಿಷ್ಠ ನಾಲ್ಕು ಪಟ್ಟು ನಿಖರವಾದ ಒಂದು ಮೀಟರ್ ಬೇಕು. ಈಗಿನ ಸುಮಾರಾದ ಡಿಜಿಟಲ್ ಮಲ್ಟಿಮೀಟರ್ ಕೂಡ ಡಿಸಿಯಲ್ಲಿ ಅರ್ಧ ಶೇಕಡಾ ಒಳಗೆ ಇರುತ್ತದೆ, ಕ್ಲಾಸ್ 2.5 ಮೀಟರಿಗೆ ಅದು ಸಾಕು. ಡಿಜಿಟಲ್ ಮೀಟರ್ ಮೇಲೇ ಅನುಮಾನ ಇದ್ದರೆ ಎಡಿ584 ಚಿಪ್ ಇರುವ ರೆಫರೆನ್ಸ್ ಬೋರ್ಡ್ ಸಿಗುತ್ತದೆ. 2.5, 5, 7.5, 10 ವೋಲ್ಟ್ ಕೊಡುತ್ತದೆ, ಅದರ ಜೊತೆ ಹೋಲಿಸಿ.

ಮೀಟರನ್ನು ಮರದ ಮೇಜಿನ ಮೇಲಿಡಿ, ಕಬ್ಬಿಣದ ಮೇಜಿನ ಮೇಲೆ ಬೇಡ. ಎರಡು ಮುಳ್ಳಿನ ಮೀಟರ್‌ಗಳನ್ನು ಅಕ್ಕಪಕ್ಕ ಅಂಟಿಸಿ ಇಡಬೇಡಿ, ಒಂದರ ಮ್ಯಾಗ್ನೆಟ್ ಇನ್ನೊಂದನ್ನು ಎಳೆಯುತ್ತದೆ. ಲೌಡ್‌ಸ್ಪೀಕರ್ ಹತ್ತಿರ ಇದ್ದರೆ ದೂರ ಇಡಿ. ಸೊನ್ನೆ ಕೂರಿಸಿ. 30 ವೋಲ್ಟಿನ ಮೀಟರ್ ಅಂದುಕೊಳ್ಳಿ. 6, 12, 18, 24, 30 ಹೀಗೆ ಏರುತ್ತಾ ಹೋಗಿ. ಪ್ರತಿ ಸಲ ಹಳೆಯ ಮೀಟರಿನ ಮುಳ್ಳನ್ನು ಸರಿಯಾಗಿ ಗೆರೆಯ ಮೇಲೆ ನಿಲ್ಲಿಸಿ, ಡಿಜಿಟಲ್ ಮೀಟರಿನಲ್ಲಿ ಓದಿ ಬರೆಯಿರಿ. ಮುಳ್ಳಿನ ಸ್ಥಾನ ಅಂದಾಜು ಮಾಡುವುದಕ್ಕಿಂತ ಇದು ಎಷ್ಟೋ ಸುಲಭ. ಆಮೇಲೆ ಅದೇ ಬಿಂದುಗಳಲ್ಲಿ ಇಳಿಯುತ್ತಾ ಬನ್ನಿ. ಒಮ್ಮೆ ತಟ್ಟದೆ ಓದಿ, ಒಮ್ಮೆ ಪೆನ್ಸಿಲ್ ತುದಿಯಿಂದ ಮೆಲ್ಲಗೆ ತಟ್ಟಿ ಓದಿ. ಏರುವಾಗಿನ ಲೆಕ್ಕಕ್ಕೂ ಇಳಿಯುವಾಗಿನ ಲೆಕ್ಕಕ್ಕೂ ವ್ಯತ್ಯಾಸ ಇದ್ದು, ತಟ್ಟಿದಾಗ ಅದು ಹೋದರೆ ಪಿವಟ್‌ನಲ್ಲಿ ಉಜ್ಜಾಟ ಇದೆ. ಆಗ ಕ್ಯಾಲಿಬ್ರೇಶನ್ ನಿಲ್ಲಿಸಿ ಮೊದಲು ಅದನ್ನು ಸರಿಮಾಡಿ.

ಡಯಲ್‌ನಲ್ಲಿ ಕನ್ನಡಿ ಪಟ್ಟಿ ಇದ್ದರೆ ಒಂದು ಕಣ್ಣು ಮುಚ್ಚಿ, ಮುಳ್ಳು ತನ್ನ ಪ್ರತಿಬಿಂಬವನ್ನು ಪೂರ್ತಿ ಮುಚ್ಚುವ ಜಾಗದಿಂದ ನೋಡಿ. ಕನ್ನಡಿ ಕೊಟ್ಟಿರುವುದೇ ಅದಕ್ಕೆ.

ಎಷ್ಟು ತಪ್ಪಿದ್ದರೆ ಸರಿ ಅನ್ನಬಹುದು?

ಕ್ಲಾಸ್ ಅಂದರೆ ಫುಲ್ ಸ್ಕೇಲಿನ ಶೇಕಡಾ. 300 ವೋಲ್ಟಿನ ಕ್ಲಾಸ್ 1.5 ಮೀಟರ್ ಎಲ್ಲಿ ಬೇಕಾದರೂ 4.5 ವೋಲ್ಟ್ ಆಚೀಚೆ ಇರಬಹುದು. 230 ತೋರಿಸುವಾಗ ಅದು ಶೇಕಡಾ 2ರ ಆಸುಪಾಸು. 50 ತೋರಿಸುವಾಗ ಅದೇ 4.5 ವೋಲ್ಟ್ ಶೇಕಡಾ 9 ಆಗಿಬಿಡುತ್ತದೆ. ಹಾಗಾಗಿ ಮುಳ್ಳು ಸ್ಕೇಲಿನ ಕೊನೆಯ ಮೂರನೇ ಒಂದು ಭಾಗದಲ್ಲಿ ನಿಲ್ಲುವಂಥ ರೇಂಜ್ ಆರಿಸಿಕೊಳ್ಳಿ. ಡಿಜಿಟಲ್ ಮೀಟರಿನ ಮೂರು ದಶಾಂಶ ನೋಡಿ ಅಭ್ಯಾಸವಾದವರು ಹಳೆಯ ಮೀಟರ್ 1 ವೋಲ್ಟ್ ಆಚೆ ಇದ್ದರೆ ಬಿಚ್ಚಲು ಶುರು ಮಾಡುತ್ತಾರೆ. ಅದು ಕಾರ್ಖಾನೆಯಿಂದ ಬಂದ ದಿನವೂ ಹಾಗೇ ಇದ್ದಿರಬಹುದು ಅಲ್ವಾ?

ತಪ್ಪು ಸಿಕ್ಕಿತು. ಎಲ್ಲಿ ಸರಿಮಾಡುವುದು?

ತಪ್ಪಿನ ರೀತಿ ನೋಡಿ. ಎಲ್ಲ ಬಿಂದುವಿನಲ್ಲೂ ಒಂದೇ ಶೇಕಡಾ ಕಡಿಮೆ ಇದ್ದರೆ ಮ್ಯಾಗ್ನೆಟ್ ಸೋತಿದೆ, ಇಲ್ಲವೇ ಸೀರೀಸ್ ರೆಸಿಸ್ಟರ್ ಬೆಳೆದಿದೆ. ಹಳೆಯ ಕಾರ್ಬನ್ ರೆಸಿಸ್ಟರ್‌ಗಳು ವರ್ಷ ಕಳೆದಂತೆ ಬೆಲೆ ಏರಿಸಿಕೊಳ್ಳುತ್ತವೆ, ವೋಲ್ಟ್‌ಮೀಟರ್ ಕಡಿಮೆ ತೋರಿಸುತ್ತದೆ. ಮೊದಲು ರೆಸಿಸ್ಟರ್ ಅಳೆಯಿರಿ. 50 ಮೈಕ್ರೋಆಂಪ್, 2 ಕಿಲೋಓಮ್ ಕಾಯಿಲಿನಿಂದ 10 ವೋಲ್ಟ್ ಮೀಟರ್ ಮಾಡಲು ಒಟ್ಟು 200 ಕಿಲೋಓಮ್ ಬೇಕು, ಅಂದರೆ ಹೊರಗೆ 198. ಒಂದು ಶೇಕಡಾ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳನ್ನು ಕೂಡಿಸಿ ಆ ಬೆಲೆ ಮಾಡಿ.

ರೆಸಿಸ್ಟರ್ ಸರಿಯಿದ್ದರೆ ಮ್ಯಾಗ್ನೆಟಿಕ್ ಶಂಟ್ ಹುಡುಕಿ. ಎಲ್ಲ ಮೀಟರಿನಲ್ಲೂ ಇರುವುದಿಲ್ಲ. ಮ್ಯಾಗ್ನೆಟ್ ಬಾಯಿಯ ಹತ್ತಿರ ಸ್ಕ್ರೂ ಹಾಕಿದ, ಸರಿಸಬಹುದಾದ ಸಣ್ಣ ಕಬ್ಬಿಣದ ತುಂಡು ಅದು. ಅದನ್ನು ದೂರ ಸರಿಸಿದರೆ ಮುಳ್ಳು ಜಾಸ್ತಿ ಏಳುತ್ತದೆ, ಹತ್ತಿರ ತಂದರೆ ಕಡಿಮೆ.

ಸೊನ್ನೆಯಲ್ಲೂ ಕೊನೆಯಲ್ಲೂ ಸರಿ, ಮಧ್ಯದಲ್ಲಿ ಮಾತ್ರ ತಪ್ಪು ಅಂದರೆ ಹೇರ್‌ಸ್ಪ್ರಿಂಗಿನ ಎರಡು ಸುತ್ತು ತಾಕುತ್ತಿರಬಹುದು, ಅಥವಾ ಯಾರೋ ಬೇರೆ ಮೀಟರಿನ ಡಯಲ್ ಹಾಕಿರಬಹುದು. ಎರಡನೆಯದನ್ನು ನಂಬುವುದು ಕಷ್ಟ, ಆದರೆ ಗುಜರಿಯಲ್ಲಿ ಸಾಕಷ್ಟು ಸಿಗುತ್ತವೆ.

ಡಿಸಿ ಸರಿಯಾಗಿ ತೋರಿಸುತ್ತದೆ, ಎಸಿ ತೋರಿಸುವುದಿಲ್ಲ.

ರೆಕ್ಟಿಫೈಯರ್ ಹೋಗಿದೆ. ಹಳೆಯದರಲ್ಲಿ ಕಾಪರ್ ಆಕ್ಸೈಡ್ ರೆಕ್ಟಿಫೈಯರ್ ಇರುತ್ತದೆ, ವಾಷರ್ ಪೋಣಿಸಿದ ಹಾಗೆ ಕಾಣುತ್ತದೆ. ಅದರ ಜಾಗಕ್ಕೆ ಜರ್ಮೇನಿಯಂ ಡಯೋಡ್ ಹಾಕಿ, 1ಎನ್34 ನಡೆಯುತ್ತದೆ. ಸಿಲಿಕಾನ್ ಹಾಕಿದರೆ ಅದರ 0.6 ವೋಲ್ಟ್ ನುಂಗಾಟದಿಂದ ಸಣ್ಣ ರೇಂಜಿನಲ್ಲಿ ಸ್ಕೇಲಿನ ಕೆಳಭಾಗವೇ ಸತ್ತುಹೋಗುತ್ತದೆ. ಹಾಕಿದ ಮೇಲೆ ಎಸಿ ರೇಂಜ್‌ಗಳನ್ನು ಹೊಸದಾಗಿ ಹೊಂದಿಸಬೇಕು.

ಮನೆಯ ಇನ್ವರ್ಟರ್‌ನಲ್ಲಿ ಹಳೆಯ ಮಲ್ಟಿಮೀಟರ್ ಜಾಸ್ತಿ ವೋಲ್ಟೇಜ್ ತೋರಿಸುತ್ತದೆ. ಕ್ಯಾಲಿಬ್ರೇಶನ್ ಹೋಯಿತಾ?

ಹೋಗಿಲ್ಲ. ರೆಕ್ಟಿಫೈಯರ್ ಮೀಟರ್ ಓದುವುದು ಸರಾಸರಿಯನ್ನು. ಸ್ಕೇಲನ್ನು ಮಾತ್ರ ಸೈನ್ ವೇವ್‌ಗೆ ಸರಿಹೊಂದುವಂತೆ 1.11ರಿಂದ ಗುಣಿಸಿ ಬರೆದಿರುತ್ತಾರೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಸರಾಸರಿಯೂ ನಿಜವಾದ ಬೆಲೆಯೂ ಒಂದೇ, ಆದರೂ ಮೀಟರ್ 1.11 ಪಟ್ಟು ಹೇಳುತ್ತದೆ. 220 ಇದ್ದರೆ 244 ತೋರಿಸುತ್ತದೆ. ಸಾಮಾನ್ಯ ಡಿಜಿಟಲ್ ಮೀಟರ್‌ಗಳಲ್ಲೂ ಎಷ್ಟೋ ಇದೇ ತಪ್ಪು ಮಾಡುತ್ತವೆ. ಇಲ್ಲಿ ಹಳೆಯ ಮೂವಿಂಗ್ ಐರನ್ ವೋಲ್ಟ್‌ಮೀಟರ್ ಹೆಚ್ಚು ನಂಬಿಕಸ್ಥ.

ಆವೋಮೀಟರ್ ಮಾಡೆಲ್ 8 ಸಿಕ್ಕಿದೆ. ಏನು ಒತ್ತಿದರೂ ಅಲ್ಲಾಡುವುದಿಲ್ಲ.

ಒಳ್ಳೆಯ ವಸ್ತು ಸಿಕ್ಕಿದೆ, ಬಿಡಬೇಡಿ. ಬ್ರಿಟಿಷ್ ಪೋಸ್ಟ್ ಆಫೀಸಿನ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ರೂಪಿಸಿದ ಮೀಟರ್ ವಂಶ ಇದು. ಮೊದಲನೆಯದು 1923ರಲ್ಲಿ ಬಂತು. ಆಂಪ್, ವೋಲ್ಟ್, ಓಮ್ ಮೂರರ ಮೊದಲ ಅಕ್ಷರ ಸೇರಿ ಆವೋ. ಮಾಡೆಲ್ 8 ಬಂದದ್ದು 1951ರಲ್ಲಿ, ತಯಾರಿಕೆ ನಿಂತದ್ದು 2008ರಲ್ಲಿ. ಡಿಸಿಯಲ್ಲಿ ಪ್ರತಿ ವೋಲ್ಟಿಗೆ 20,000 ಓಮ್.

ಬಿಚ್ಚುವ ಮೊದಲು ಮೂರು ವಿಷಯ ನೋಡಿ. ಒಂದು, ಕಟ್‌ಔಟ್ ಬಟನ್. ಓವರ್‌ಲೋಡ್ ಆದರೆ ಅದು ಹೊರಗೆ ಜಿಗಿದು ಸರ್ಕ್ಯೂಟ್ ಕತ್ತರಿಸುತ್ತದೆ, ಒಳಗೆ ಒತ್ತಿ ಕೂರಿಸಬೇಕು. ಎರಡು, ಅದಕ್ಕೆ ಎರಡು ದೊಡ್ಡ ಸ್ವಿಚ್ ಇವೆ. ಡಿಸಿ ಅಳೆಯಲು ಬಲಗಡೆಯದು ಡಿಸಿ ಅನ್ನುವ ಜಾಗದಲ್ಲಿರಬೇಕು, ಎಸಿ ಅಳೆಯಲು ಎಡಗಡೆಯದು ಎಸಿಯಲ್ಲಿರಬೇಕು. ಒಂದನ್ನೇ ತಿರುಗಿಸಿದರೆ ಮೀಟರ್ ಮಾತಾಡುವುದಿಲ್ಲ. ಮೂರು, ಬ್ಯಾಟರಿ ಪೆಟ್ಟಿಗೆಯಲ್ಲಿ ಸೋರಿಕೆ. ಹಳೆಯ ಸೆಲ್ ಸೋರಿ ಪಟ್ಟಿ ತಿಂದಿರುತ್ತದೆ. ಆಲ್ಕಲೈನ್ ಸೆಲ್ ಸೋರಿದ್ದರೆ ನಿಂಬೆರಸ ತಾಕಿಸಿ ಒರೆಸಿ, ಹಳೆಯ ಜಿಂಕ್ ಕಾರ್ಬನ್ ಸೆಲ್ ಆದರೆ ಅಡುಗೆ ಸೋಡಾ ನೀರು.

ದೊಡ್ಡ ಓಮ್ ರೇಂಜಿಗೆ ಅದಕ್ಕೆ 15 ವೋಲ್ಟಿನ ಬ್ಯಾಟರಿ ಬೇಕು, ಅಂಗಡಿಯಲ್ಲಿ ಸಿಗುವುದು ಕಷ್ಟ. ಐದು 2032 ಕಾಯಿನ್ ಸೆಲ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ 15 ವೋಲ್ಟ್ ಆಯಿತು. ಅದು ಇಲ್ಲದಿದ್ದರೂ ವೋಲ್ಟ್, ಆಂಪ್ ರೇಂಜ್‌ಗಳು ನಡೆಯುತ್ತವೆ.

ಗುಜರಿಯಲ್ಲಿ 100 ಆಂಪ್ ಎಸಿ ಆಮೀಟರ್ ಸಿಕ್ಕಿತು. ನೇರವಾಗಿ ಜೋಡಿಸಲೇ?

ಡಯಲ್ ಕೆಳಗೆ ಸಣ್ಣ ಅಕ್ಷರದಲ್ಲಿ 100/5 ಅಂತ ಇದೆಯಾ ನೋಡಿ. ಇದ್ದರೆ ಅದು 5 ಆಂಪ್ ಮೀಟರ್. ದೊಡ್ಡ ಕರೆಂಟನ್ನು ಸಣ್ಣದಾಗಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್ (ಸಿಟಿ) ಜೊತೆ ಬಳಸುವುದಕ್ಕೆ ಮಾಡಿದ್ದು. ನೇರ ಜೋಡಿಸಿದರೆ ಸುಡುತ್ತದೆ. ಇನ್ನೂ ಮುಖ್ಯವಾದದ್ದು: ಯಾವುದಾದರೂ ಪ್ಯಾನಲ್‌ನಿಂದ ಇಂಥ ಮೀಟರ್ ಬಿಚ್ಚುವುದಿದ್ದರೆ, ಲೋಡ್ ಹರಿಯುತ್ತಿರುವಾಗ ಸಿಟಿಯ ಸೆಕೆಂಡರಿಯನ್ನು ತೆರೆದು ಬಿಡಬೇಡಿ. ಅಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಹುಟ್ಟುತ್ತದೆ. ಲೈನ್ ಆಫ್ ಮಾಡಿಸಿ, ಸೆಕೆಂಡರಿ ಶಾರ್ಟ್ ಮಾಡಿ, ಆಮೇಲೆ ಮೀಟರಿಗೆ ಕೈ ಹಾಕಿ.

ಕೈಯಿಂದ ತಿರುಗಿಸುವ ಮೆಗ್ಗರ್‌ನ (ಇನ್ಸುಲೇಶನ್ ಅಳೆಯುವ ಮೀಟರಿನ) ಮುಳ್ಳು ಸೊನ್ನೆಗೆ ಬರುವುದಿಲ್ಲ, ಎಲ್ಲಿ ಬೇಕಾದರಲ್ಲಿ ನಿಲ್ಲುತ್ತದೆ. ಸ್ಪ್ರಿಂಗ್ ಹೋಗಿದೆಯಾ?

ಸ್ಪ್ರಿಂಗ್ ಇದ್ದರೆ ತಾನೇ ಹೋಗುವುದು! ಹಳೆಯ ಮೆಗ್ಗರ್‌ನಲ್ಲಿ ಒಂದಕ್ಕೊಂದು ಅಡ್ಡಲಾಗಿ ಎರಡು ಕಾಯಿಲ್ ಇರುತ್ತವೆ, ಅವೆರಡರ ಎಳೆದಾಟವೇ ಮುಳ್ಳನ್ನು ನಿಲ್ಲಿಸುತ್ತದೆ. ಮುಳ್ಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಇರುವುದಿಲ್ಲ. ಹ್ಯಾಂಡಲ್ ತಿರುಗಿಸದೆ ಇದ್ದಾಗ ಅದು ಎಲ್ಲಿ ನಿಂತರೂ ಸರಿಯೇ. ಲೀಡ್ ತೆಗೆದಿಟ್ಟು ತಿರುಗಿಸಿದರೆ ಅನಂತಕ್ಕೆ ಹೋಗಬೇಕು. ಎರಡು ಲೀಡ್ ಸೇರಿಸಿ ಮೆಲ್ಲಗೆ ತಿರುಗಿಸಿದರೆ ಸೊನ್ನೆಗೆ ಬರಬೇಕು. ಎರಡೂ ಆದರೆ ಮುಟ್ಟಬೇಡಿ.

ಬೇಸಿಗೆಯಲ್ಲಿ ಒಂದು ರೀತಿ, ಮಳೆಗಾಲದಲ್ಲಿ ಇನ್ನೊಂದು ರೀತಿ ತೋರಿಸುತ್ತದೆ.

ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಶೇಕಡಾ 0.39 ಏರುತ್ತದೆ. 20 ಡಿಗ್ರಿಯಲ್ಲಿ ಹೊಂದಿಸಿದ ಕಾಯಿಲ್ ಕಲಬುರಗಿಯ 42 ಡಿಗ್ರಿ ಮಧ್ಯಾಹ್ನದಲ್ಲಿ ಶೇಕಡಾ 8ಕ್ಕಿಂತ ಜಾಸ್ತಿ ಏರಿರುತ್ತದೆ. ಇದಕ್ಕೆ ಮದ್ದು ಕಂಡುಹಿಡಿದವರು ಎಡ್ವರ್ಡ್ ವೆಸ್ಟನ್, 1888ರಲ್ಲಿ ಅಮೆರಿಕದ ನ್ಯೂಆರ್ಕ್‌ನಲ್ಲಿ ಮೀಟರ್ ಕಂಪನಿ ಶುರು ಮಾಡಿದವರು. ಬಿಸಿಗೆ ಹೆಚ್ಚುಕಮ್ಮಿ ಬದಲಾಗದ ಮ್ಯಾಂಗನಿನ್ ಮಿಶ್ರಲೋಹ ಅವರದ್ದೇ. ಕಾಯಿಲ್ ಜೊತೆ ಮ್ಯಾಂಗನಿನ್ ತಂತಿಯನ್ನು ಸೀರೀಸ್‌ನಲ್ಲಿ ಹಾಕಿದರೆ ತಾಮ್ರದ ಪಾಲು ಸಣ್ಣದಾಗುತ್ತದೆ. ನಿಮ್ಮ ಮೀಟರಿನೊಳಗೆ ಬಾಬಿನ್ನಿಗೆ ಸುತ್ತಿದ ಕಂದು ಬಣ್ಣದ ತಂತಿ ಕಂಡರೆ ಅದು ಇದೇ ಇರಬಹುದು. ಬರೀ ರೆಸಿಸ್ಟರ್ ಅಲ್ವಾ ಅಂತ ಕಿತ್ತು ಬೇರೆ ಹಾಕಬೇಡಿ.

ಮಂಗಳೂರು, ಕಾರವಾರದ ಕಡೆಯ ಮೀಟರ್‌ಗಳಿಗೆ ತೇವದ ಕಾಟ. ಕೂದಲಿನಷ್ಟು ತೆಳ್ಳಗಿನ ಕಾಯಿಲ್ ತಂತಿ ಬೆಸುಗೆ ಹಾಕಿದ ಜಾಗದಲ್ಲಿ ಹಸಿರು ಹಿಡಿದು ತುಂಡಾಗುತ್ತದೆ. ಇಡೀ ಕಾಯಿಲ್ ಸುತ್ತುವ ಮೊದಲು ಆ ತುದಿ ನೋಡಿ, ಎಷ್ಟೋ ಸಲ ಒಂದು ಸುತ್ತು ಬಿಡಿಸಿ ಮತ್ತೆ ಬೆಸೆದರೆ ಸಾಕು.

ಕತ್ತಲಲ್ಲಿ ಹೊಳೆಯುವ ಡಯಲ್ ಇದೆ. ಈಗ ಹೊಳೆಯುತ್ತಿಲ್ಲ. ಬಿಚ್ಚಬಹುದಾ?

ವಿಮಾನದ್ದೋ ಮಿಲಿಟರಿಯದ್ದೋ ಹಳೆಯ ಮೀಟರ್ ಆಗಿದ್ದು ಅಂಕಿಗಳ ಮೇಲೆ ಕಂದು ಹಳದಿ ಬಣ್ಣವಿದ್ದರೆ ಬಿಚ್ಚಬೇಡಿ. ಅದು ರೇಡಿಯಂ ಇರಬಹುದು. ಹೊಳಪು ನಿಂತದ್ದು ಅದರ ಜೊತೆಗಿನ ಜಿಂಕ್ ಸಲ್ಫೈಡ್ ಸವೆದದ್ದಕ್ಕೆ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಪುಡಿಯಾದ ಆ ಬಣ್ಣ ಉಸಿರಿಗೆ ಹೋಗಬಾರದು. ಗಾಜು ಒಡೆದ ಅಂಥ ಮೀಟರ್ ಕೊಳ್ಳಲೇಬೇಡಿ.

ಗೋಡೆಯ ಮೇಲಿನ ಹಳೆಯ ಚಕ್ರದ ಕರೆಂಟ್ ಮೀಟರನ್ನೂ ಹೀಗೇ ಸರಿಮಾಡಬಹುದಾ?

ಸಂಪರ್ಕದಲ್ಲಿರುವ ಮೀಟರಿನ ಸೀಲ್ ಮುಟ್ಟುವ ಹಾಗಿಲ್ಲ. 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ ಪ್ರಕಾರ ಮೀಟರ್ ತಿದ್ದುವುದು ಕರೆಂಟ್ ಕಳ್ಳತನದ ಲೆಕ್ಕಕ್ಕೆ ಬರುತ್ತದೆ. ಅನುಮಾನ ಇದ್ದರೆ ನಿಮ್ಮ ವಿದ್ಯುತ್ ಕಂಪನಿಗೆ ಬರೆದುಕೊಟ್ಟು ಪರೀಕ್ಷೆ ಮಾಡಿಸಿ.

ಸ್ಪೇರ್ ಎಲ್ಲಿ ಸಿಗುತ್ತದೆ? ಸರ್ಟಿಫಿಕೇಟ್ ಬೇಕಾದರೆ?

ಹೊಸ ಸ್ಪೇರ್ ಸಿಗುವುದಿಲ್ಲ. ಅದೇ ಕಂಪನಿಯ ಕೆಟ್ಟ ಮೀಟರೇ ಸ್ಪೇರ್. ಬೆಂಗಳೂರಿನಲ್ಲಿ ಎಸ್‌ಪಿ ರೋಡಿನ ಒಳ ಓಣಿಗಳು, ಭಾನುವಾರದ ಸಂಡೇ ಬಜಾರ್ ನೋಡಿ. ಗಾಜು ಒಡೆದದ್ದು, ಡಯಲ್ ಹಾಳಾದದ್ದು ಕಂಡರೂ ತಂದಿಡಿ, ಒಳಗಿನ ಜ್ಯುವೆಲ್ ಚೆನ್ನಾಗಿರಬಹುದು. ಕೊಳ್ಳುವ ಮೊದಲು ಮೊದಲನೇ ಉತ್ತರದ ತಂತಿ ಪರೀಕ್ಷೆ ಮಾಡಿ. ಜೇಬಿನಲ್ಲಿ ಒಂದು ಗೇಣು ತಂತಿ ಇಟ್ಟುಕೊಂಡು ಹೋದರೆ ಸಾಕು.

ಸರ್ಟಿಫಿಕೇಟ್ ಬೇಕಿದ್ದರೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಕೊಡಿ. ಅಲ್ಲಿಯ ಅಳತೆಗಳ ಸರಪಳಿ ರಾಷ್ಟ್ರೀಯ ಮಾನದಂಡಗಳವರೆಗೆ ಹೋಗುತ್ತದೆ. ಕೊಡುವ ಮೊದಲು ಒಂದು ವಿಷಯ ಕೇಳಿ: ಬರೀ ಅಳೆದು ವರದಿ ಕೊಡುತ್ತಾರೋ, ಹೊಂದಿಸಿಯೂ ಕೊಡುತ್ತಾರೋ? ಎರಡೂ ಬೇರೆ ಬೇರೆ ಕೆಲಸ.

ಕೊರಿಯರ್‌ನಲ್ಲಿ ಕಳಿಸಬೇಕು. ಹೇಗೆ ಪ್ಯಾಕ್ ಮಾಡುವುದು?

ಟರ್ಮಿನಲ್‌ಗಳಿಗೆ ತಂತಿ ಸುತ್ತಿ ಶಾರ್ಟ್ ಮಾಡಿ, ದಾರಿಯುದ್ದಕ್ಕೂ ಮುಳ್ಳಿನ ಒದ್ದಾಟ ಕಡಿಮೆಯಾಗುತ್ತದೆ. ಮಲ್ಟಿಮೀಟರ್ ಆದರೆ ಆಫ್ ಜಾಗದಲ್ಲಿಡಿ, ಎಷ್ಟೋ ಮೀಟರ್‌ಗಳಲ್ಲಿ ಆಫ್ ಅನ್ನುವುದು ಇದೇ ಕೆಲಸ ಮಾಡುತ್ತದೆ. ಬ್ಯಾಟರಿ ತೆಗೆದಿಡಿ. ಗಾಜಿನ ಮೇಲೆ ರಟ್ಟು, ಸುತ್ತ ನಾಲ್ಕು ಬೆರಳು ದಪ್ಪ ಸ್ಪಂಜು. ಥರ್ಮಾಕೋಲ್ ಪುಡಿ ಬೇಡ, ಅದು ಸ್ಟ್ಯಾಟಿಕ್‌ನಿಂದ ಅಂಟಿಕೊಂಡು ಒಳಗೆ ಸೇರುತ್ತದೆ. ತಲುಪಿದ ಮೇಲೆ ತಂತಿ ಬಿಚ್ಚಲು ಮರೆಯಬಾರದು ಅಂತ ಒಂದು ಚೀಟಿ ಬರೆದು ಗಾಜಿನ ಮೇಲೇ ಅಂಟಿಸಿ.